ಹಗ್ಗ ಇಳಿಸಿದ ಓಣಿ

ರೆಕ್ಕೆಯವರ ಓಣಿ, ಕಪ್ಪತಗುಡ್ಡ.
ಆಷಾಢದ ನಾಲ್ಕುನೂರ ಹನ್ನೊಂದನೆಯ ದಿನ, ಇಸವಿ 2290.

ಈ ಗುಡ್ಡದ ಮೇಲೆ ಮೊದಲ ಗಾಳಿಕಂಬಗಳು ತಿರುಗಿದ್ದನ್ನು ಕಂಡವರಿಗೆ ಪಾರವ್ವ ರೆಕ್ಕಿಮನಿಯ ಶರಣಾರ್ಥಿ.

ಮೇಲಿನ ತಾರೀಖನ್ನು ಓದಿ ಮುದುಕಿಗೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. ನನಗೆ ಲೆಕ್ಕ ತಪ್ಪುವುದಿಲ್ಲ. ಗದಗಿನ ಕಚೇರಿಗಳಲ್ಲಿ ಬೇರೆ ತಾರೀಖು ನಡೆಯುತ್ತಿದೆ, ಅದು ಅವರಿಗೆ ಸರಿ. ನಮ್ಮ ಗುಡ್ಡದ ಮೇಲೆ ಆಷಾಢ ಹುಟ್ಟುವುದು ಪಂಚಾಂಗದ ಪ್ರಕಾರ, ಮುಗಿಯುವುದು ಗಾಳಿಯ ಪ್ರಕಾರ. ಗಾಳಿ ಬಂದು, ಬೀಸಿ, ದಣಿದು ಹೋಗುವ ತನಕ ನಾವು ಶ್ರಾವಣವನ್ನು ಮನೆಯೊಳಗೆ ಕರೆಯುವುದಿಲ್ಲ. ಹೋದ ವರ್ಷದ ಆಷಾಢಕ್ಕೆ ಗಾಳಿ ಬರಲಿಲ್ಲ. ಈ ವರ್ಷವೂ ಬರಲಿಲ್ಲ. ಹಾಗಾಗಿ ಒಂದೇ ಆಷಾಢ ಇನ್ನೂ ನಡೆಯುತ್ತಿದೆ. ಪಂಚಮಿ ಬಂದಿಲ್ಲ, ಜೋಕಾಲಿ ಕಟ್ಟಿಲ್ಲ, ತವರಿಗೆ ಬರಬೇಕಾದ ಹೆಣ್ಣುಮಕ್ಕಳು ಬಂದಿಲ್ಲ. ನನ್ನ ಮಗಳು ಶಾಂತವ್ವ ಲಕ್ಷ್ಮೇಶ್ವರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅಲ್ಲಿ ಕೆಳಗಿನವರ ಲೆಕ್ಕದಲ್ಲಿ ಪಂಚಮಿ ಮಾಡಿ ನನಗೆ ಉಂಡಿ ಕಳಿಸಿದ್ದಳು. ನಮ್ಮಲ್ಲಿ ಇನ್ನೂ ಆಷಾಢವಿದೆ ಎಂದು ಹೇಳಿ ಅವನ್ನು ತಂದವನ ಕೈಯಲ್ಲೇ ಹಿಂದಕ್ಕೆ ಕಳಿಸಿದೆ. ಅವಳು ಬೇಸರ ಮಾಡಿಕೊಂಡಳಂತೆ. ಮಾಡಿಕೊಳ್ಳಲಿ. ಬಾರದ ಹಬ್ಬದ ಉಂಡಿಯನ್ನು ಯಾರು ತಿನ್ನುತ್ತಾರೆ?

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಕಾಗದದಲ್ಲಿ ‘ಇಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಮಗೆ ಅದು ದಿನವಿಡೀ ಆಡುವ ಮಾತಿರಬಹುದು. ನಾನು ಸೊಂಟಕ್ಕೆ ಮೊದಲ ಸಲ ಹಗ್ಗ ಕಟ್ಟಿಸಿಕೊಂಡ ಪ್ರಾಯದಿಂದ ಹೋದ ಹಂಗಾಮಿನ ತನಕ ಅದನ್ನು ಒಮ್ಮೆಯೂ ಬಾಯಿಂದ ಆಡಿದವಳಲ್ಲ. ಈಗ ಬರೆಯುವಾಗ ಆ ಅಕ್ಷರಗಳು ಉಳಿದವುಗಳಿಗಿಂತ ದೊಡ್ಡವಾಗುತ್ತಿವೆ, ಕಾಗದವನ್ನು ಒತ್ತಿ ತೂತು ಮಾಡುವ ಹಾಗಿವೆ. ಅಷ್ಟರ ಮಟ್ಟಿಗೆ ನನ್ನನ್ನು ಮನ್ನಿಸಬೇಕು. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಮುಂದುಪಡಿ ತಿನ್ನುವವರು, ಅದೇನೆಂದು ಮುಂದೆ ಹೇಳುತ್ತೇನೆ, ವಾರಕ್ಕೊಂದು ದಿನ ರಾಜ್ಯಗಳ ಒಕ್ಕೂಟಕ್ಕೆ ಏನಾದರೂ ಕೆಲಸ ಮಾಡಿಕೊಡಬೇಕು. ಮೈಯಲ್ಲಿ ಕಸುವಿರುವವರು ಕೆರೆಯ ಹೂಳೆತ್ತುತ್ತಾರೆ. ಕಣ್ಣು ಚೆನ್ನಾಗಿರುವವರು ಮಂಜುಬಲೆ ಹೆಣೆಯುತ್ತಾರೆ. ಬೆಳಗಿನ ಮಂಜನ್ನು ಹಿಡಿದು ನೀರಿಳಿಸುವ ಬಲೆ ಅದು, ನಮ್ಮ ಓಣಿ ಕುಡಿಯುವುದು ಆ ನೀರನ್ನೇ. ಹತ್ತನೆಯ ತರಗತಿ ಪಾಸಾದವರು ಹಿಂದಿನ ಕಾಲದವರಿಗೆ ಕಾಗದ ಬರೆಯುತ್ತಾರೆ. ನಾನು ಹತ್ತನೆಯ ತರಗತಿ ಪಾಸಾದವಳು. ನನ್ನ ವಾರಿಗೆಯ ಹೆಂಗಸರಲ್ಲಿ ಅಷ್ಟು ಓದಿದವರು ಓಣಿಯಲ್ಲಿ ಬೇರೆ ಯಾರೂ ಇಲ್ಲ. ಕಾಗದ ನಿಮ್ಮ ಕೈಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ನಮಗೆ ಹೇಳುವುದಿಲ್ಲ. ಸ್ಪಷ್ಟವಾಗಿ ಬರೆಯಿರಿ, ಬೈದು ಬರೆಯಬೇಡಿ ಎಂದಷ್ಟೇ ಹೇಳುತ್ತಾರೆ. ಮೊದಮೊದಲು ಬರೆದವರೆಲ್ಲ ನಿಮ್ಮನ್ನು ಬೈದೇ ಬರೆಯುತ್ತಿದ್ದರಂತೆ.

ನಾನು ಬೈಯುವುದಿಲ್ಲ. ನೀವು ಕಂಬ ನೆಟ್ಟಿರಿ, ನಾವು ಅದರ ಅನ್ನ ಉಂಡೆವು. ನಮ್ಮ ಕಾಲದ ಕಂಬಗಳು ನೀವು ಕಂಡವುಗಳಿಗಿಂತ ಎತ್ತರ; ಅವುಗಳ ಒಂದು ರೆಕ್ಕೆಯನ್ನು ನೆಲಕ್ಕೆ ಮಲಗಿಸಿದರೆ ನಮ್ಮ ಓಣಿ ಈ ತುದಿಯಿಂದ ಆ ತುದಿಗೆ ಮುಚ್ಚಿಹೋಗುತ್ತದೆ. ಕೆಂಪು ಧೂಳು ಕೂತರೆ, ಹಕ್ಕಿ ಬಡಿದು ಅಂಚು ಹರಿದರೆ ರೆಕ್ಕೆ ತೂಕ ತಪ್ಪುತ್ತದೆ. ಅದನ್ನು ತೊಳೆದು, ತೇಪೆ ಹಾಕಿ, ನಯ ಮಾಡುವುದು ನಮ್ಮ ಕೆಲಸ. ಯಂತ್ರಗಳನ್ನು ಏರಿಸಿ ನೋಡಿದರು. ಹರಕನ್ನು ಅಂಗೈಯಿಂದ ಸವರಿ ಹಿಡಿಯುವ ಹಾಗೆ ಅವಕ್ಕೆ ಹಿಡಿಯಲು ಬರಲಿಲ್ಲ, ಮತ್ತೆ ನಮ್ಮನ್ನೇ ಕರೆದರು. ಗಾಳಿ ಇದ್ದ ಕಾಲದಲ್ಲಿ ರೆಕ್ಕೆಗಳ ನೆರಳು ಓಣಿಯ ಗೋಡೆಗಳ ಮೇಲೆ ಸುತ್ತುತ್ತಲೇ ಇರುತ್ತಿತ್ತು. ತೊಟ್ಟಿಲನ್ನು ಆ ನೆರಳು ಹಾಯುವ ಕಡೆಗೆ ಇಡುತ್ತಿದ್ದೆವು. ಕತ್ತಲು ಬೆಳಕು, ಕತ್ತಲು ಬೆಳಕು ಎಂದು ಅದು ಬಂದುಹೋಗುತ್ತಿದ್ದರೆ ಕೂಸುಗಳು ತಾವಾಗಿ ಕಣ್ಣು ಮುಚ್ಚುತ್ತಿದ್ದವು. ಈಗ ನೆರಳು ಗೋಡೆಗೆ ಒರಗಿ ನಿಂತುಬಿಟ್ಟಿದೆ. ಕೂಸುಗಳು ಮಲಗುವುದಿಲ್ಲ. ಗದಗಿನಿಂದ ಗುಡ್ಡಕ್ಕೆ ತಂತಿಯ ಮೇಲೆ ತೂಗಿಕೊಂಡು ಬರುವ ಜೋಲಿಬಂಡಿ ದಿನಕ್ಕೆ ಹಲವು ಸಲ ಬರುತ್ತಿತ್ತು, ಈಗ ವಾರಕ್ಕೊಮ್ಮೆ ಬರುತ್ತದೆ.

ರೆಕ್ಕೆಗೆ ಒಬ್ಬರೇ ಇಳಿಯುವುದಿಲ್ಲ, ಇಬ್ಬರು ಬೇಕು. ಒಬ್ಬರು ಹಗ್ಗಕ್ಕೆ ಜೋತು ಬೀಳುತ್ತಾರೆ, ಇನ್ನೊಬ್ಬರು ಮೇಲೆ ಕೂತು ಆ ಹಗ್ಗವನ್ನು ತಮ್ಮ ಮೈಗೆ ಸುತ್ತಿ ಹಿಡಿದಿರುತ್ತಾರೆ. ಗಾಳಿಯ ಸದ್ದಿನಲ್ಲಿ ಬೇರೆ ಮಾತು ಕೇಳುವುದಿಲ್ಲ. ಮೇಲಿನವರು ಆಗಾಗ ಕೂಗುತ್ತಾರೆ: ‘ಅದಿಯೇನ?’ ಕೆಳಗಿನವರು ಕೂಗುತ್ತಾರೆ: ‘ಅದೀನಿ.’ ಅಷ್ಟೇ. ಉತ್ತರ ಬರದಿದ್ದರೆ ಎಳೆಯಬೇಕು. ಹಗ್ಗ ಕಟ್ಟಿಕೊಂಡವರು ‘ಇಲ್ಲ’ ಎಂಬ ಮಾತನ್ನು ಆಡಬಾರದು ಎಂಬ ಪದ್ಧತಿ ಹುಟ್ಟಿದ್ದು ಅಲ್ಲಿಂದ. ನೆಲದ ಮೇಲೂ ಅದೇ ನಡೆದು ಬಂತು. ಮನೆಯಲ್ಲಿ ಉಪ್ಪು ತೀರಿದರೆ ಉಪ್ಪು ಮಲಗಿದೆ ಎನ್ನುತ್ತೇವೆ. ಗಂಡ ಊರಿಗೆ ಹೋಗಿದ್ದರೆ ಗಂಡ ಮಲಗಿದ್ದಾನೆ ಎನ್ನುತ್ತೇವೆ. ಇನ್ನು ಕೆಲಸ ಮುಗಿಸಿ ಇಳಿದ ಮೇಲೆ ಹಗ್ಗವನ್ನು ಮೂಲೆಗೆ ಎಸೆಯುವುದಿಲ್ಲ. ಜೋಡಿಯ ಇಬ್ಬರೂ ಓಣಿಯಲ್ಲಿ ಎದುರುಬದುರು ಮನೆ ಹಿಡಿಯುತ್ತಾರೆ, ಹಗ್ಗದ ಒಂದು ತುದಿಯನ್ನು ಈ ಬಾಗಿಲಿನ ಮೇಲಿನ ಕಬ್ಬಿಣದ ಬಳೆಗೆ, ಇನ್ನೊಂದನ್ನು ಆ ಬಾಗಿಲಿನ ಬಳೆಗೆ ಕಟ್ಟುತ್ತಾರೆ. ನಮ್ಮ ಓಣಿಯಲ್ಲಿ ತಲೆ ಎತ್ತಿದರೆ ಹಗ್ಗಗಳ ನಡುವೆಯೇ ಆಕಾಶ ಕಾಣಬೇಕು. ಅದರ ಮೇಲೆ ಬಟ್ಟೆ ಒಣಹಾಕುವುದಿಲ್ಲ. ಜೋಡಿಯಲ್ಲಿ ಒಬ್ಬರು ತೀರಿಕೊಂಡ ದಿನ ಮಾತ್ರ ಹಗ್ಗ ಇಳಿಯುತ್ತದೆ. ಇಳಿದ ಹಗ್ಗವನ್ನು ಉಳಿದವರು ಒಳಗಿಟ್ಟುಕೊಳ್ಳುತ್ತಾರೆ, ಮತ್ತೆ ಕಟ್ಟುವುದಿಲ್ಲ. ಉಳಿದವರಿಗೂ ತೀರಿಕೊಂಡವರ ಬಾಗಿಲಿಗೂ ಅಲ್ಲಿಂದ ಮುಂದೆ ಮಾತಿಲ್ಲ.

ನನ್ನ ಜೋಡಿ ಮಾಬೂಬಿ. ಇಬ್ಬರೂ ಒಂದೇ ಹಂಗಾಮಿನಲ್ಲಿ ಹಗ್ಗ ಕಟ್ಟಿಸಿಕೊಂಡೆವು. ನನ್ನ ಮದುವೆಯಲ್ಲಿ ಅವಳು ಅತ್ತಳು, ಅವಳ ಮದುವೆಯಲ್ಲಿ ನಾನು ಅಳಲಿಲ್ಲ. ಅದನ್ನು ಇಂದಿಗೂ ಎತ್ತಿ ಆಡುತ್ತಾಳೆ. ಆಡುತ್ತಿದ್ದಳು ಎಂದು ಬರೆಯಬೇಕು. ನನಗೆ ಗಂಡ ಹೋದ ಮೇಲೆ, ಮಗಳು ಮದುವೆಯಾಗಿ ಇಳಿದು ಹೋದ ಮೇಲೆ, ದಿನಕ್ಕೆ ನನ್ನ ಕಿವಿಗೆ ಬೀಳುತ್ತಿದ್ದ ಮಾತೆಲ್ಲ ಅವಳದೇ. ನಾನು ರೆಕ್ಕೆಯವರ ತಂಡದ ಹಿರಿಯಳು, ನನ್ನ ಹತ್ತಿರ ಉಳಿದವರು ಅಳೆದು ಮಾತಾಡುತ್ತಾರೆ. ಅವಳೊಬ್ಬಳು ನನ್ನನ್ನು ಪಾರಿ ಎನ್ನುತ್ತಿದ್ದಳು.

ಈಗ ಪಡಿಯ ವಿಷಯ. ಕೆಲಸ ನಿಂತವರಿಗೆ ರಾಜ್ಯ ಬಿಡುವುಪಡಿ ಕೊಡುತ್ತದೆ. ಜೋಳ, ಬೇಳೆ, ಎಣ್ಣೆ, ಮೇಲೆ ಕೈಖರ್ಚಿಗೆ ಒಂದಿಷ್ಟು. ಅದಕ್ಕೆ ನಾವು ಏನೂ ಹೇಳಬೇಕಾಗಿರಲಿಲ್ಲ. ಕೂಲಿ ನಿಂತ ವಾರದಿಂದ ಅದು ತಾನಾಗಿ ಜೋಲಿಬಂಡಿಯಲ್ಲಿ ಬಂತು. ವಾರಕ್ಕೊಮ್ಮೆ ಎಲ್ಲಾದರೂ ಹೋಗಿ ಕೆಲಸ ಕೇಳಿ ಬರಬೇಕು ಎಂಬುದೊಂದೇ ಕಟ್ಟು. ಆದರೆ ಬಿಡುವುಪಡಿ ಎರಡು ಹಂಗಾಮಿಗೆ ಮುಗಿಯುತ್ತದೆ. ಅಲ್ಲಿಗೆ ರಾಜ್ಯ ಕೈ ತೊಳೆದುಕೊಳ್ಳುತ್ತದೆ. ಅದಾದ ಮೇಲೆ ಇರುವುದು ಮುಂದುಪಡಿ. ಅದನ್ನು ಕೊಡುವುದು ಒಕ್ಕೂಟ, ಮತ್ತು ಅದು ಒಬ್ಬರ ಹಸಿವಿಗೆ ಬಾಗಿಲು ತೆರೆಯುವುದಿಲ್ಲ. ಹಂಗಾಮಿನ ಕೊನೆಗೆ ಎಣಿಕೆ ನಡೆಯುತ್ತದೆ. ಇಡೀ ಗುಡ್ಡದಲ್ಲಿ ಕೆಲಸವಿಲ್ಲದ ಮನೆಗಳು ಅವರು ಗೊತ್ತು ಮಾಡಿದ ಗೆರೆಯನ್ನು ದಾಟಿದರೆ ಎಲ್ಲರಿಗೂ ಬರುತ್ತದೆ, ದಾಟದಿದ್ದರೆ ಯಾರಿಗೂ ಬರುವುದಿಲ್ಲ. ಬಂದರೂ ತಾನಾಗಿ ಬರುವುದಿಲ್ಲ, ಪ್ರತಿಯೊಬ್ಬರೂ ಹೊಸದಾಗಿ ಹೆಸರು ಹೇಳಿ ಕೇಳಬೇಕು.

ಮೊದಲನೆಯ ಎಣಿಕೆಗೆ ಬಂದವಳು ಕಡಲ ಕಡೆಯ ಹುಡುಗಿ, ಲೋಲಾಕ್ಷಿ ಎಂದು. ಬಿಸಿಲಿಗೆ ಮುಖ ಕೆಂಪಾಗಿತ್ತು. ತಂಡದ ಹಿರಿಯಳ ಬಾಗಿಲಿನಿಂದ ಸುರುಮಾಡಬೇಕೆಂದು ನನ್ನ ಬಾಗಿಲಿಗೆ ಬಂದಳು.

“ಅಮ್ಮಾ, ನಿಮ್ಮ ಮನೇಲಿ ಕೆಲಸ ಉಂಟಾ, ಇಲ್ವಾ?”

“ಐತಿ.”

“ಗಾಳಿಯೇ ಬೀಸುದಿಲ್ಲ ಅಲ್ವಾ ಮಾರ್ರೆ, ಮತ್ತೆ ಕೆಲಸ ಎಂತದು?”

“ಗಾಳಿ ಮಲಗೇತಿ. ಎದ್ದಕೂಡ್ಲೆ ಕೆಲಸ.”

“ಅದಲ್ಲಮ್ಮಾ. ಇವತ್ತು, ಈಗ.”

“ಮ್ಯಾಲೆ ನೋಡು ತಂಗಿ. ಹಗ್ಗ ಕಾಣಸ್ತದೋ?”

“ಕಾಣ್ತದೆ.”

“ಹಂಗಾರ ಬರಕೋ.”

ಎದುರು ಬಾಗಿಲಿನಿಂದ ಮಾಬೂಬಿ ಕೂಗಿದಳು: “ಏ ಪಾರಿ, ಕೂಸಿಗೆ ಮೊದಲ ನೀರು ಕೊಡಬೇ. ಬಿಸಲಾಗ ನಿಂದ್ರಿಸಿ ಜಡ್ಜನಾಂಗ ಮಾತಾಡ್ತಿ!”

ನಾನು ನೀರು ಕೊಟ್ಟೆ. ಹುಡುಗಿ ಕುಡಿದು, ಬರೆದುಕೊಂಡು, ಮುಂದಿನ ಬಾಗಿಲಿಗೆ ಹೋದಳು. ಓಣಿಯವರೆಲ್ಲ ನಾನು ಹೇಳಿದ್ದನ್ನೇ ಹೇಳಿದರು. ಹೊನ್ನವ್ವನ ಮನೆಯಲ್ಲಿ ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ ಮಲಗಿದ್ದಾನೆ ಎಂಬ ಉತ್ತರ ಬಂತು, ಪಾಪ ಲೋಲಾಕ್ಷಿ ಅವನು ಏಳಲಿ ಎಂದು ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಅವನು ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಿ ವಾರವಾಗಿತ್ತು. ಅದನ್ನು ನೆನೆದು ಮಾಬೂಬಿ ರಾತ್ರಿ ಊಟ ಮಾಡುವಾಗಲೂ ನಗುತ್ತಿದ್ದಳು.

ನಾನು ಹೇಳಿದ್ದು ತಪ್ಪು ಎಂದು ಇಲ್ಲಿ ಬರೆಯುವುದಿಲ್ಲ. ತಲೆಯ ಮೇಲೆ ಹಗ್ಗ ಕಟ್ಟಿರುವಾಗ ಅದರ ಕೆಳಗೆ ನಿಂತು ಆ ಮಾತನ್ನು ಆಡುವುದು ಹೇಗೆ? ಅದನ್ನು ಆಡಿದರೆ ಎದುರು ಬಾಗಿಲಿನಲ್ಲಿ ನಿಂತವಳನ್ನು ಕೈಬಿಟ್ಟ ಹಾಗೆ. ಗುಡ್ಡದವರು ಯಾರೇ ಆಗಿದ್ದರೂ ಅದನ್ನೇ ಹೇಳುತ್ತಿದ್ದರು, ಹೇಳಿದರು ಕೂಡ. ಎಲ್ಲ ಓಣಿಗಳಲ್ಲೂ ಹಗ್ಗ ಕಟ್ಟಿದ್ದವು, ಎಲ್ಲ ಓಣಿಗಳಲ್ಲೂ ಕೆಲಸ ಇದೆ ಎಂದು ಬರೆದುಕೊಂಡು ಹೋದರು. ಗೆರೆ ದಾಟಲಿಲ್ಲ. ಮುಂದುಪಡಿ ಬರಲಿಲ್ಲ.

ಆಮೇಲಿನ ಹಂಗಾಮನ್ನು ನಾನು ಉದ್ದಕ್ಕೆ ಬರೆಯುವುದಿಲ್ಲ. ರೊಟ್ಟಿ ತೆಳ್ಳಗಾದವು, ಆಮೇಲೆ ಸಣ್ಣವಾದವು, ಆಮೇಲೆ ಒಂದು ಹೊತ್ತಿಗೆ ಇಳಿದವು. ಗುರೆಳ್ಳು ಚಟ್ನಿಯನ್ನು ನೀರಿನಲ್ಲಿ ಕಲಸಿ ಸಾರು ಎಂದು ಕರೆದೆವು. ಕೆಲಸ ಕೇಳಿ ಬರುವುದನ್ನು ಯಾರೂ ಬಿಡಲಿಲ್ಲ. ಕೆಲಸ ಕೇಳುವುದು ಬೇರೆ, ಕೆಲಸವಿಲ್ಲ ಎನ್ನುವುದು ಬೇರೆ. ಒಂದು ದಿನ ನಾನೂ ಮಾಬೂಬಿಯೂ ಗುಡ್ಡ ಇಳಿದು ಬಿಸಿಲುಹೊಲಕ್ಕೆ ಹೋದೆವು. ಅಲ್ಲಿ ಜೋಳದ ಬದಲು ಗಾಜಿನ ಹಲಗೆಗಳನ್ನು ಸಾಲಾಗಿ ಮಲಗಿಸಿ ಬಿಸಿಲು ಹಿಡಿಯುತ್ತಾರೆ. ಮೇಸ್ತ್ರಿ ನನ್ನ ಮಗಳ ವಯಸ್ಸಿನವನು.

“ಏನಬೇ ಯಮ್ಮಾ, ಈ ವಯಸ್ಸಿನ್ಯಾಗ ಹಲಗಿ ಒರಸ್ತಿಯೇನು?” ಎಂದ.

“ನಿಮ್ಮ ಹಲಗಿ ನೆಲದ ಮ್ಯಾಲೆ ಬಿದ್ದಾವು. ನಾ ಮುಗಲಾಗ ಒರಿಸಿದಾಕಿ,” ಎಂದೆ.

“ಹಂಗಾರ ಮುಗಲಿಗೇ ಹೋಗಬೇ ತಾಯಿ. ಇಲ್ಲಿ ನೆಲದಾಗಿನವ್ರಿಗೇ ಕೆಲಸಿಲ್ಲ.”

ಸುತ್ತ ನಿಂತವರು ನಕ್ಕರು. ಮಾಬೂಬಿಯೂ ನಕ್ಕಳು. ಹತ್ತುವ ದಾರಿಯಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ಅರ್ಧ ಗುಡ್ಡಕ್ಕೆ ಅವಳು ಕಲ್ಲಿನ ಮೇಲೆ ಕೂತು ಮೊಣಕಾಲು ಹಿಡಿದುಕೊಂಡಳು. ರೆಕ್ಕೆಗೆ ಬಡಿಸಿಕೊಂಡು ಬಡಿಸಿಕೊಂಡು ಅವಳ ಮೊಣಕಾಲು ಎರಡೂ ಹೋಗಿವೆ. ಅಲ್ಲಿ ಕೂತು ಹೇಳಿದಳು, ಮಗ ಖಾಸೀಮ ಕಡಲ ದಂಡೆಯ ಉಪ್ಪಿನ ಬಯಲಿನಲ್ಲಿ ಜಾಗ ಗೊತ್ತುಮಾಡಿದ್ದಾನೆ, ಹಂಗಾಮು ಮುಗಿದ ಮೇಲೆ ಇಲ್ಲಿಂದ ಮನೆ ಎತ್ತಿ ಅಲ್ಲಿಗೆ ಹೋಗುತ್ತೇವೆ ಎಂದು.

“ಉಪ್ಪಿನ ನೀರಾಗ ನಿಂತ್ರ ನಿನ್ನ ಕಾಲು ಕರಗಿ ಹೋಗ್ತಾವು,” ಎಂದೆ.

“ಕರಗಲಿ ಬಿಡಬೇ. ಯಾರದರ ಸಾರಿಗೆ ಉಪ್ಪಾಗ್ತಾವು.”

ಹೀಗೆ ಹೇಳಿ ನಕ್ಕಳು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವಳು ಹೋಗುವುದು ಎಂದರೆ ಏನು ಎಂಬುದು ನನಗೆ ಆ ಕಲ್ಲಿನ ಹತ್ತಿರ ತಿಳಿಯಿತು. ಹಗ್ಗ ಕಟ್ಟಿರುತ್ತದೆ, ಅದರ ಆ ತುದಿಗೆ ಬೀಗ ಹಾಕಿದ ಬಾಗಿಲಿರುತ್ತದೆ. ನಾನು ಬೆಳಿಗ್ಗೆ ಎದ್ದು ಆ ಬೀಗವನ್ನು ನೋಡಬೇಕು. ಬೇರೆಯವರು ಅಳೆದು ಆಡುವ ಮಾತುಗಳನ್ನು ಕೇಳಿಕೊಂಡು ಉಳಿದ ದಿನಗಳನ್ನು ಕಳೆಯಬೇಕು. ಮುಂದುಪಡಿ ಬಂದರೆ ಖಾಸೀಮ ಮನೆ ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವನಿಗೂ ಉಪ್ಪಿನ ಬಯಲು ಬೇಕಾಗಿರಲಿಲ್ಲ. ಮುಂದುಪಡಿ ಬರಬೇಕಾದರೆ ಎಣಿಕೆಯಲ್ಲಿ ಆ ಮಾತು ಹೇಳಬೇಕು. ಆ ಮಾತು ಹೇಳಬೇಕಾದರೆ ಹಗ್ಗ ಇಳಿಯಬೇಕು.

ಎರಡನೆಯ ಎಣಿಕೆ ಹತ್ತಿರ ಬಂದಾಗ ನಾನು ಅವಳ ಮನೆಗೆ ಹೋದೆ. ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ಸುತ್ತಿಬಳಸಿ ಮಾತಾಡುವವಳಲ್ಲ, ಹಗ್ಗ ಬಿಚ್ಚೋಣ ಎಂದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ನೆಲದ ಮೇಲಿಟ್ಟಳು.

“ನಾ ಇನ್ನೂ ಜೀವಂತ ಅದೀನಿ ಪಾರಿ.”

“ನಾನೂ ಅದೀನಿ.”

“ಹಂಗಾರ ಹಗ್ಗ ಯಾರ ಹೆಸರಲೆ ಇಳಸ್ತಿ? ಬಿಚ್ಚಿದ್ದನ್ನ ಮತ್ತ ಕಟ್ಟಬಾರದು, ಗೊತ್ತದನೋ?”

“ಗೊತ್ತೈತಿ.”

“ನಾಳೆ ಗಾಳಿ ಎದ್ರ ನನ್ನ ಯಾರು ಹಿಡೀಬೇಕು? ಆ ಹೊನ್ನವ್ವ ಹಿಡಿಬೇಕೇನು? ಆಕಿ ಗಂಡನ್ನ ಹಿಡಿಯೂದು ಆಕಿಗೆ ದೊಡ್ಡ ಮಾತಾಗೇತಿ.”

“ಗಾಳಿ ಎದ್ದಾಗ ನೋಡೋಣಂತ. ಮೊದಲ ನೀ ಇಲ್ಲಿ ಇರಬೇಕು.”

“ಎದುರು ಮನ್ಯಾಗ ಹೆಣದಾಂಗ ಇರಬೇಕು. ಅದನ್ನೂ ಸೇರಿಸಿ ಹೇಳಬೇ.”

ಅವಳು ತಟ್ಟೆಯನ್ನು ಮತ್ತೆ ಎತ್ತಿಕೊಂಡಳು. ಕೊನೆಗೆ, “ನೀ ಹಿರೇಳು. ಬಿಚ್ಚು. ನಾ ನೋಡ್ತೀನಿ,” ಎಂದಳು.

ಎಣಿಕೆಯ ದಿನ ಬೆಳಕು ಹರಿಯುತ್ತಿದ್ದ ಹಾಗೆ ಬಾಗಿಲಿಗೆ ಮಣೆ ಹಾಕಿ ನಿಂತು ನಾನು ಗಂಟು ಬಿಚ್ಚಿದೆ. ನಮ್ಮ ಗಂಟುಗಳು ತೂಕ ಬಿದ್ದಷ್ಟೂ ಬಿಗಿಯುವ ಗಂಟುಗಳು. ಇಷ್ಟು ವರ್ಷ ಬಿಗಿದದ್ದು ಬೆರಳಿಗೆ ಬಗ್ಗಲಿಲ್ಲ, ಹಲ್ಲು ಹಚ್ಚಬೇಕಾಯಿತು. ಹಗ್ಗ ಓಣಿಗೆ ಬಿದ್ದ ಸದ್ದು ದೊಡ್ಡದೇನಲ್ಲ. ಆದರೆ ಬಾಗಿಲುಗಳು ತೆರೆದವು. ಮಾಬೂಬಿ ಹೊಸಲಿನ ಮೇಲೆ ಬಂದು ನಿಂತಳು, ಬಿದ್ದ ಹಗ್ಗವನ್ನು ನೋಡಿದಳು, ನನ್ನ ಕಡೆ ನೋಡಲಿಲ್ಲ. ಆ ಮೊಣಕಾಲಿನಲ್ಲೇ ಮಣೆ ಹತ್ತಿ ತನ್ನ ತುದಿಯನ್ನೂ ಬಿಚ್ಚಿದಳು. ಆಮೇಲೆ ಓಣಿಗೆ ಇಳಿದು ಹಗ್ಗವನ್ನು ಮೊಣಕೈಗೆ ಸುತ್ತುತ್ತ ಸುತ್ತುತ್ತ ನನ್ನ ಹೊಸಲಿನ ತನಕ ಬಂದು, ಕೊನೆಯ ತುದಿಯನ್ನು ನನ್ನ ಕಾಲ ಬಳಿಯಿಂದ ಎತ್ತಿಕೊಂಡು, ತನ್ನ ಮನೆಯೊಳಗೆ ಒಯ್ದಳು.

ಹಗ್ಗ ಉಳಿದವರ ಮನೆಗೆ ಸೇರಬೇಕು ಎಂದು ಮೇಲೆ ಬರೆದಿದ್ದೇನೆ. ಅಂದರೆ ಸತ್ತವಳು ನಾನು. ಅವಳಿಗೆ ಯಾವಾಗಲೂ ಕೊನೆಯ ಮಾತು ತನ್ನದಾಗಬೇಕು.

ನನ್ನ ಹಿಂದೆ ಓಣಿಯವರೆಲ್ಲ ಬಿಚ್ಚಿದರು. ಒಂದಾದ ಮೇಲೊಂದು ಹಗ್ಗ ಬೀಳುವ ಸದ್ದು ಓಣಿಯ ಕೊನೆಯವರೆಗೂ ಹೋಯಿತು, ಅಲ್ಲಿಂದ ಮುಂದಿನ ಓಣಿಯಲ್ಲೂ ಕೇಳಿತು. ಬಿಸಿಲೇರಿದಾಗ ತಲೆ ಎತ್ತಿ ನೋಡಿದೆ. ಆಕಾಶ ಪೂರಾ ಕಂಡಿತು. ನಾನು ಈ ಓಣಿಯಲ್ಲಿ ಹುಟ್ಟಿದವಳು, ಅದನ್ನು ಹಾಗೆ ಯಾವತ್ತೂ ಕಂಡಿರಲಿಲ್ಲ. ಚೆನ್ನಾಗಿರಲಿಲ್ಲ.

ಲೋಲಾಕ್ಷಿ ಬಂದವಳು ಓಣಿಯ ಬಾಯಿಯಲ್ಲೇ ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ನನ್ನ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತಳು.

“ಎಂತ ಆಯ್ತಮ್ಮಾ? ಯಾರು ತೀರಿಕೊಂಡ್ರು?”

ಮಾಬೂಬಿ ಎದುರಿಗೆ ಅಕ್ಕಿಯ ಮೊರ ಹಿಡಿದು ಕೂತಿದ್ದಳು, ಮೊರದಲ್ಲಿ ಅಕ್ಕಿ ಇರಲಿಲ್ಲ. ನಾನು ಅವಳನ್ನು ನೋಡಿಯೇ ಹೇಳಿದೆ.

“ಯಾರೂ ಇಲ್ಲ. ಕೆಲಸ ಇಲ್ಲ.”

ಹುಡುಗಿಗೆ ಏನು ತಿಳಿಯಿತೋ ಕಾಣೆ. ಬರೆದುಕೊಳ್ಳುವ ಮೊದಲು ಕಣ್ಣು ಒರೆಸಿಕೊಂಡಳು. ಈ ಸಲ ಅವಳಿಗೆ ನೀರು ಕೊಡು ಎಂದು ಎದುರು ಬಾಗಿಲಿನಿಂದ ಯಾರೂ ಕೂಗಲಿಲ್ಲ, ನನಗೆ ತಾನಾಗಿ ನೆನಪಾಗಲಿಲ್ಲ. ಅವಳು ಬಾಯಾರಿಕೊಂಡೇ ಹೋದಳು.

ಗೆರೆ ದಾಟಿತು. ಮುಂದುಪಡಿ ಬಂತು. ಖಾಸೀಮ ಪಾತ್ರೆಗಳನ್ನು ಚೀಲದಿಂದ ಹೊರತೆಗೆದದ್ದನ್ನು ನಾನು ನನ್ನ ಕಟ್ಟೆಯ ಮೇಲಿಂದ ಎಣಿಸಿದೆ. ನನಗೆ ಬೇಕಾದದ್ದು ಅದೇ, ಅದು ಆಯಿತು, ಅದಕ್ಕೆ ನಾನು ಯಾರ ಮುಂದೆಯೂ ಅಳುವುದಿಲ್ಲ. ಕಿರಿಯ ಜೋಡಿಗಳು ಕೆಲವು ದಿನ ಮುಖ ತಿರುಗಿಸಿಕೊಂಡು ಓಡಾಡಿ, ಒಂದು ಸಂಜೆ ನಕ್ಕು, ಮತ್ತೆ ಮಾತಿಗೆ ಬಿದ್ದರು. ನಾನು ಅವರನ್ನು ಬೈಯಲಿಲ್ಲ. ಆದರೆ ನಾನು ಹಾಗೆ ಮಾಡಲಾರೆ. ಹಗ್ಗ ಇಳಿಸಿದ್ದು ಆಟಕ್ಕೆ ಎಂದಾದರೆ ಕಟ್ಟಿದ್ದೂ ಆಟಕ್ಕೇ ಆಗುತ್ತದೆ, ಅದರ ಮೇಲೆ ಜೀವ ಇಟ್ಟು ಜೋತಾಡಿದ್ದೂ ಆಟಕ್ಕೇ ಆಗುತ್ತದೆ. ಪದ್ಧತಿಯನ್ನು ಹಿರಿಯಳೇ ಸಡಿಲ ಬಿಟ್ಟರೆ ಉಳಿದವರು ಏನನ್ನು ಹಿಡಿದು ನಿಲ್ಲಬೇಕು? ಮಾಬೂಬಿಯೂ ಹಾಗೇ. ಅವಳ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಒಂದು ಎತ್ತಿನ ಬಂಡಿ ಹಾಯುವಷ್ಟು ಜಾಗ. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ. ಅವಳು ಹೊಸಲು ದಾಟುವಾಗ ಮೊಣಕಾಲು ಲಟಕ್ಕೆನ್ನುವುದು ಕೇಳುತ್ತದೆ. ಮುಂದುಪಡಿಯ ಜೋಳ ನನ್ನ ಡಬ್ಬಿಯಲ್ಲಿ ತುಂಬಿದೆ, ಒಬ್ಬಳಿಗೆ ರೊಟ್ಟಿ ಬಡಿಯುವುದು ನನಗೆ ಈಗಲೂ ರೂಢಿಯಾಗಿಲ್ಲ. ಕೈ ತಾನಾಗಿ ಎರಡನೆಯ ಉಂಡೆ ಹಿಡಿಯುತ್ತದೆ.

ನೀವು ನಮ್ಮ ಹಿರಿಯರು, ಆದ್ದರಿಂದ ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ಕೇಳಿಕೊಳ್ಳುವುದು ನನಗೆ ಹೊಸದು, ಮಾತು ಒರಟಾದರೆ ಸಹಿಸಿಕೊಳ್ಳಿ. ಮುಂದಿನವರ ಪದ್ಧತಿಗಳೆಲ್ಲ ಹಿಂದಿನವರ ಕೈಯಲ್ಲಿ ಹುಟ್ಟುತ್ತವೆ. ನೀವು ನಮಗೆ ದುಡಿಯುವವರ ಪದ್ಧತಿ ಕೊಟ್ಟಿರಿ, ಸತ್ತವರ ಪದ್ಧತಿ ಕೊಟ್ಟಿರಿ. ಕೆಲಸ ಹೋಗಿ ಮನುಷ್ಯ ಉಳಿದಿದ್ದರೆ ಅವನು ಬಾಗಿಲಿಗೆ ಏನು ಕಟ್ಟಬೇಕು, ಕೇಳಿದವರಿಗೆ ಏನು ಹೇಳಬೇಕು, ಅವನ ಎದುರು ಮನೆಯವರು ಅವನನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಏನನ್ನೂ ಬಿಟ್ಟುಹೋಗಲಿಲ್ಲ. ನಿಮ್ಮಲ್ಲೂ ಕೆಲಸ ಹೋದವರು ಇದ್ದಾರೆ. ಪಡಿ ಮುಗಿದು, ಇನ್ನೊಂದು ಪಡಿಗಾಗಿ ಕಚೇರಿಯ ಮುಂದೆ ಸೆರಗು ಸರಿಮಾಡಿಕೊಂಡು, ಕೆಲಸ ಇದೆಯೆನ್ನುವ ಮುಖ ಹೊತ್ತು ನಿಂತವರಿದ್ದಾರೆ. ಅವರನ್ನು ಕೂರಿಸಿಕೊಂಡು ಒಂದು ಪದ್ಧತಿ ಮಾಡಿ ಇಡಿ. ದೊಡ್ಡದು ಬೇಡ. ಬಾಗಿಲಿಗೆ ಒಂದು ಬಣ್ಣದ ಬಟ್ಟೆ ಸಾಕು, ಕಟ್ಟೆಯ ಮೇಲೆ ಬೋರಲು ಹಾಕಿದ ಒಂದು ಕೊಡ ಸಾಕು. ಅದನ್ನು ಕಂಡವರು ಈ ಮನೆಯಲ್ಲಿ ಕೆಲಸ ಹೋಗಿದೆ, ಯಾರೂ ಸತ್ತಿಲ್ಲ ಎಂದು ತಿಳಿದು ಒಳಗೆ ಬಂದು ಕೂರುವ ಹಾಗಿರಬೇಕು. ಈಗಲೇ ಸುರುಮಾಡಿದರೆ ನಮ್ಮ ಕಾಲಕ್ಕೆ ಅದು ಹಳೆಯದಾಗಿರುತ್ತದೆ. ಹಳೆಯದಾದರೆ ನಾನು ಅದನ್ನು ಒಪ್ಪುತ್ತೇನೆ. ನನ್ನ ಸ್ವಭಾವ ಹಾಗೆ.

ಈ ಮುಂದುಪಡಿಯೂ ಈ ಹಂಗಾಮಿಗೆ ಮುಗಿಯುತ್ತದೆ. ಅದರಾಚೆಗೆ ಇನ್ನೊಂದು ಇಲ್ಲ. ಆಗ ಗಾಳಿ ಬರಬೇಕು, ಇಲ್ಲವೇ ಜೋಲಿಬಂಡಿ ಹತ್ತಬೇಕು. ಅದು ಮುಂದಿನ ಮಾತು.

ಮಾಬೂಬಿಗೆ ಒಂದು ಕೋಳಿ ಇದೆ, ಕೆಂಪಿ ಎಂದು. ಇತ್ತೀಚೆಗೆ ಅವಳು ಅದರ ಜೊತೆ ಓಣಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾಳೆ. “ಏ ಕೆಂಪಿ, ಇವತ್ತು ಉಂಡಿಯೋ ಇಲ್ಲೋ? ಒಬ್ಬಾಕಿನ ಅಂತ ಒಲಿ ಹಚ್ಚೂದ ಬಿಟ್ಟಿಯೇನು?” ಎನ್ನುತ್ತಾಳೆ. ಕೋಳಿ ಯಾವ ಒಲೆ ಹಚ್ಚುತ್ತದೆ? “ಮಗಳು ಪ್ರೀತಿಲೆ ಉಂಡಿ ಕಳಿಸಿದ್ರ ಹೊಳ್ಳಿ ಕಳಸ್ತಾರೇನ ಹುಚ್ಚವ್ವಾ?” ಎನ್ನುತ್ತಾಳೆ. ನಾನು ಮುಖ ತಿರುಗಿಸಿಕೊಂಡು ಮಂಜುಬಲೆ ಕೊಡವುತ್ತಿರುತ್ತೇನೆ. ಸತ್ತವಳು ಉತ್ತರ ಕೊಡಬಾರದು. ನಿನ್ನೆ ಸಂಜೆ ಗೂಡು ಮುಚ್ಚುವ ಹೊತ್ತಿಗೆ ಅವಳು ಬೇರೆ ಏನೂ ಹೇಳಲಿಲ್ಲ. ರೆಕ್ಕೆಯ ತುದಿಗೆ ಕೂಗುತ್ತಿದ್ದ ದನಿಯಲ್ಲಿ ಒಂದೇ ಮಾತು ಕೂಗಿದಳು: “ಅದಿಯೇನ?” ಕೋಳಿ ಆಗಲೇ ಗೂಡಿನೊಳಗೆ ಹೋಗಿ ಕೂತಿತ್ತು. ಅವಳು ಗೂಡಿನ ಹಲಗೆ ಕೈಯಲ್ಲಿ ಹಿಡಿದು ಕತ್ತಲಾಗುವ ತನಕ ಹಾಗೇ ನಿಂತಿದ್ದಳು. ಉತ್ತರ ಬರದಿದ್ದರೆ ಎಳೆಯಬೇಕು, ಅವಳ ಕೈಯಲ್ಲಿ ಎಳೆಯಲು ಹಗ್ಗವಿರಲಿಲ್ಲ.

ನಮ್ಮ ಮನೆತನದಲ್ಲಿ ಯಾವ ಕಾಲಕ್ಕೂ ಕೋಳಿ ಸಾಕಿದವರಿಲ್ಲ. ಅತ್ತೆ ಬದುಕಿದ್ದರೆ ನನ್ನನ್ನು ಹೊಸಲು ದಾಟಿಸುತ್ತಿರಲಿಲ್ಲ. ನಾಳೆ ಜೋಲಿಬಂಡಿ ಸಂತೆಗೆ ಇಳಿಯುತ್ತದೆ, ನಾನು ಅದರಲ್ಲಿ ಹೋಗಿ ಒಂದು ಕೋಳಿ ತರುತ್ತೇನೆ. ಕೋಳಿಯ ಜೊತೆ ಸತ್ತವರು ಮಾತಾಡಬಾರದೆಂದು ಯಾವ ಪದ್ಧತಿಯೂ ಹೇಳುವುದಿಲ್ಲ. ನಾನು ಚೆನ್ನಾಗಿ ಯೋಚಿಸಿ ನೋಡಿದ್ದೇನೆ. ಸಂಜೆ ಗೂಡು ಮುಚ್ಚುವಾಗ ಅದಕ್ಕೆ ಏನು ಹೇಳಬೇಕು ಎಂಬುದೂ ನನಗೆ ಗೊತ್ತಿದೆ. ಗಟ್ಟಿಯಾಗಿ ಹೇಳುತ್ತೇನೆ.

ಪಾರವ್ವ ರೆಕ್ಕಿಮನಿ
ರೆಕ್ಕೆಯವರ ತಂಡದ ಹಿರಿಯಳು